ಎಡಗಾಲ ಪಕ್ಕದ ಬಕೆಟ್ಟು

ಆ ಬೀದೀಲಿ ಸುಳ್ಳಿಗೂ ಒಂದು ಮರ್ಯಾದೆ ಅಂತ ಇದ್ದಿದ್ದು ಬಿಸ್ಕೆಟ್ ಮಾಸ್ಟ್ರ ದೆಸೆಯಿಂದ. ಬೇರೆಯವರು ಸುಳ್ಳು ಹೇಳಿ ಸಿಕ್ಕಿಬಿದ್ರೆ ಜಗಳ ಆಗೋದು. ಮಾಸ್ಟ್ರು ಸುಳ್ಳು ಶುರು ಮಾಡಿದ್ರೆ ಜನ ಕುರ್ಚಿ ಎಳ್ಕೊಂಡು ಕೂರೋರು. ಒಂದ್ಸಲ ಫ್ಯಾಕ್ಟರೀಲಿ ಹಿಟ್ಟು ಎಂಥಾ ಉಬ್ಬು ಉಬ್ಬಿತ್ತು ಅಂದ್ರೆ, ಮಹಡೀಲಿದ್ದ ಮ್ಯಾನೇಜರ್ರು ಕುರ್ಚಿ ಸಮೇತ ಸೂರಿಗೆ ಅಂಟ್ಕೊಂಡು, ಮೂರು ದಿನ ಅವರ ಊಟಾನ ಕೋಲಿಗೆ ಕಟ್ಟಿ ಮೇಲೆ ಕಳಿಸ್ಬೇಕಾಯ್ತಂತೆ. ಕ್ಷೌರದಂಗಡಿಯೋನು ಇದನ್ನ ಹನ್ನೊಂದು ಸಲ ಕೇಳಿದ್ದ. ಪ್ರತಿ ಸಲಾನೂ "ಸ್ನಾನಕ್ಕೇನು ಮಾಡಿದ್ರು ಮಾಸ್ಟ್ರೇ?" ಅಂತ ಕೇಳೋನು. ಪ್ರತಿ ಸಲಾನೂ ಬೇರೆ ಉತ್ತರ ಸಿಗೋದು.

ಮೂವತ್ತೊಂದು ವರ್ಷ ಬಿಸ್ಕೆಟ್ ಫ್ಯಾಕ್ಟರೀಲಿ ಹೆಡ್ ಮಾಸ್ಟ್ರು, ಅಂದ್ರೆ ಬೇಯಿಸೋರಿಗೆಲ್ಲ ದೊಡ್ಡೋರು. ಇವರು ಬಂದು ಮೂಸಿ "ಹೂಂ" ಅಂದ್ಮೇಲೇನೇ ಒಲೆ ಬಾಗಿಲು ತೆಗೀತಿದ್ರು. ಮಾಸ್ಟ್ರು ಹೇಳೋ ಕಥೆಗಳಲ್ಲಿ ಇದೇ ಅತಿ ಸಣ್ಣದು, ಅತಿ ಸಾಧಾರಣದ್ದು. ಅದಕ್ಕೇ ಇದೊಂದನ್ನ ಮಾತ್ರ ಎಲ್ರೂ ನಿಜ ಅಂತ ನಂಬಿದ್ರು.

ನಿಜ ಏನಪ್ಪಾ ಅಂದ್ರೆ, ಫ್ಯಾಕ್ಟರೀಲಿ ಒಲೆಯಿದ್ದ ಕೋಣೆಗೆ ಅವನು ಕಾಲೇ ಇಟ್ಟಿರ್ಲಿಲ್ಲ. ಅವನು ನಿಲ್ತಿದ್ದಿದ್ದು ಬೆಲ್ಟಿನ ಕೊನೇಲಿ. ಬೆಂದ ಬಿಸ್ಕೆಟ್ಟು ಸಾಲುಸಾಲಾಗಿ ಸರ್ಕೊಂಡು ಬರೋವು. ಮುರಿದದ್ದು, ಸೀದದ್ದು, ಸೊಟ್ಟಗಾದದ್ದು ಕಂಡ್ರೆ ಎಡಗೈಯಿಂದ ಆರಿಸಿ, ಎಡಗಾಲ ಪಕ್ಕದಲ್ಲಿದ್ದ ಬಕೆಟ್ಟಿಗೆ ಎಸೀಬೇಕು. ಅಷ್ಟೇ ಕೆಲಸ. ಮೂವತ್ತೊಂದು ವರ್ಷ ಅಷ್ಟೇ. ಕಣ್ಣು ಎಲ್ಲೋ, ಬಾಯಿ ಎಲ್ಲೋ, ಕೈ ಮಾತ್ರ ತನ್ನ ಪಾಡಿಗೆ ತಾನು ದುಡಿಯೋದು. ಕಥೆ ಹೇಳೋದು ಕಲ್ತಿದ್ದೂ ಅಲ್ಲೇ. ಬಾಯಿಗೆ ಬೇರೆ ಕೆಲಸ ಇರ್ಲಿಲ್ವಲ್ಲ.

ಶನಿವಾರ ಶನಿವಾರ ಆ ಬಕೆಟ್ಟಿನದ್ದೇ ಒಂದು ಪೊಟ್ಟಣ ಮನೆಗೆ ಬರೋದು. "ಅಪ್ಪಾ, ನಮ್ಮನೇಗೆ ಯಾಕೆ ಬರೀ ಒಡೆದದ್ದೇ ತರ್ತೀಯಾ?" ಅಂತ ಮಗಳು ಚಿಕ್ಕೋಳಿದ್ದಾಗ ಕೇಳಿದ್ಲು. "ಮಾಸ್ಟರ್ ಅಂದ್ಮೇಲೆ ಒಳಗೆ ಬೆಂದಿದ್ಯಾ ಅಂತ ಒಂದೊಂದನ್ನೂ ಮುರಿದು ನೋಡ್ಬೇಕಾಗತ್ತೆ ಪುಟ್ಟಿ" ಅಂದಿದ್ದ. ಆ ಮಗಳು ಈಗ ಪರದೆ ಅಂಗಡೀಲಿ ಹೊಲಿಗೆ ಹಾಕ್ತಾಳೆ, ಎರಡು ಮಕ್ಕಳ ತಾಯಿ. ಇವತ್ತಿಗೂ ಬಿಸ್ಕೆಟ್ಟನ್ನ ಮೊದಲು ಮುರಿದು, ಒಳಗೆ ನೋಡಿ, ಆಮೇಲೆ ತಿಂತಾಳೆ.

ಮನೇಲಿ ಅವನು ತಾತ. ದೊಡ್ಡ ಮೊಮ್ಮಗಳಿಗೆ ಹತ್ತು ವರ್ಷ, ಚಿಕ್ಕೋನಿಗೆ ಐದು. ಚಿಕ್ಕೋನ್ನ ಎಲ್ರೂ ಗುಂಡು ಅಂತ ಕರೀತಿದ್ರು. ದೊಡ್ಡೋಳನ್ನ ಇಲಿ ಅಂತಿದ್ರು, ಅದು ತಾತನೇ ಇಟ್ಟ ಹೆಸರು. ನಾಲ್ಕು ವರ್ಷದೋಳಿದ್ದಾಗ ಒಂದು ಚಮಚ ಸಕ್ಕರೆ ಕದ್ದು ತಿಂದಿದ್ಲು ಪಾಪ. ಆ ಚಮಚ ತಾತನ ಬಾಯಿಗೆ ಬಿದ್ದು ಬೀದಿಗೆ ಇಳಿಯೋ ಹೊತ್ತಿಗೆ, ಒಂದು ಡಬ್ಬ ಸಕ್ಕರೆ ಪೂರ್ತಿ ಮುಗಿಸಿ, ಡಬ್ಬದ ತಗಡಿನ ಮುಚ್ಚಳಾನೂ ಅಂಚಿನುದ್ದಕ್ಕೂ ಕಡಿದಿದ್ಲು ಅಂತ ಆಗಿತ್ತು. "ಹಲ್ಲಿನ ಗುರುತು ಇನ್ನೂ ಇದೆ, ಬನ್ನಿ ತೋರಿಸ್ತೀನಿ!" ಆವತ್ತಿಂದ ಅವಳು ಹೋದ್ರೆ ಸಾಕು, ಅಂಗಡಿಯಣ್ಣ ಮಿಠಾಯಿ ಜಾಡಿನ ಮೆಲ್ಲಗೆ ಹಿಂದಕ್ಕೆ ಸರಿಸಿ ನಗೋನು. ಸ್ಕೂಲಲ್ಲಿ ಹುಡುಗ್ರು "ಕೀಚ್ ಕೀಚ್" ಅನ್ನೋರು. ಅವಳೂ ನಗ್ತಿದ್ಲು. ಈಚೀಚೆಗೆ ನಗ್ತಿರ್ಲಿಲ್ಲ. ಅದನ್ನ ತಾತ ಗಮನಿಸಿರ್ಲಿಲ್ಲ.

ಎಲೆ ಉದುರೋ ಕಾಲದ ರಜೆ ಬಂತು. ಬೀದಿ ಗುಡಿಸೋಳು ಮರಗಳ ಅಪ್ಪ ಅಮ್ಮನ್ನೆಲ್ಲ ಬೈಕೊಂಡು ಗುಡಿಸ್ತಿದ್ಲು. ಮರುದಿನ ಹಬ್ಬ. ಮರುದಿನಾನೇ ಸಾಯಂಕಾಲ ಐದಕ್ಕೆ ಮಕ್ಕಳ ಪಪ್ಪ ಎರಡು ತಿಂಗಳಾದ್ಮೇಲೆ ಲಾರಿ ತಗೊಂಡು ಡಿಪೋಗೆ ಬರೋನಿದ್ದ. ಅಮ್ಮ, ಮಕ್ಕಳು ಮೂರೂ ಜನ ಹೋಗಿ ಗೇಟಲ್ಲೇ ಹಿಡ್ಕೊಳ್ಳೋದು ಅಂತ ಮಾತಾಗಿತ್ತು. ಅಷ್ಟರಲ್ಲಿ ಬೀದೀಲಿ ಏಳು ಮನೆಗೆ ಹಂಚೋ ಹಬ್ಬದ ಬಿಸ್ಕೆಟ್ಟು ಆಗ್ಬೇಕು.

"ನಮ್ಮ ತಾತ ಹೆಡ್ ಮಾಸ್ಟರ್ರು, ಅವರು ಹೇಳ್ಕೊಡ್ತಾರೆ ಬಿಡಮ್ಮ" ಅಂದ್ಲು ಇಲಿ. ಅಮ್ಮ ನಂಬಿ ಕೆಲಸಕ್ಕೆ ಹೋದ್ಲು.

ತಾತ ಸೊಂಟಕ್ಕೆ ಟವಲ್ ಕಟ್ಕೊಂಡು, ಮೇಜಿನ ಮುಂದೆ ಕುರ್ಚಿ ಹಾಕ್ಕೊಂಡು, ಹಿಟ್ಟಿನ ಪೊಟ್ಟಣಾನ ಇಲಿ ಕೈಗೆ ಕೊಟ್ಟ. "ಹಿಂದ್ಗಡೆ ಏನೋ ಬರ್ದಿದೆಯಲ್ಲ, ಓದಮ್ಮ. ಸರಿಯಾಗಿ ಬರ್ದಿದ್ದಾರಾ ಅಂತ ನಾನು ನೋಡ್ತೀನಿ."

ಹಾಗೆ ಇಲಿ ಓದಿದ್ಲು, ಇಲೀನೇ ಅಳೆದ್ಲು, ಇಲೀನೇ ಬೆಣ್ಣೆ ಸಕ್ಕರೆ ಕಲಸಿದ್ಲು, ಕುಂಬಳಕಾಯಿ ತುರಿದು ಹಿಂಡಿದ್ಲು. ತಾತ ಪ್ರತಿಯೊಂದಕ್ಕೂ "ಸರಿಯಾಗಿ ಬರ್ದಿದ್ದಾರೆ" ಅಂತಿದ್ದ. ಕುಂಬಳಕಾಯಿ ಸಿಪ್ಪೆಗೆ ಅಂತ ಒಂದು ಬಕೆಟ್ಟು ತಂದಿಟ್ರು. ಎಲ್ಲಿ ಇಟ್ರು? ತಾತನ ಎಡಗಾಲ ಪಕ್ಕ. ವಿಧಿ ಅನ್ನಿ.

ಇಲಿ ಗಾಜಿನ ಬಾಟ್ಲೀಲಿ ಹಿಟ್ಟು ಲಟ್ಟಿಸಿ, ಚಾಕುವಿಂದ ಎಲೆ ಆಕಾರ ಕತ್ತರಿಸಿದ್ಲು. ಒಂದೊಂದು ಎಲೆಗೂ ನರ ಗೀರಿದ್ಲು. ಗುಂಡು ಎಲೆ ಮಾಡ್ಲಿಲ್ಲ. "ಎಲೆ ಬೀದೀಲಿ ಬೇಕಾದಷ್ಟಿದೆ" ಅಂದ. ಅವನು ಮಾಡಿದ್ದು ಏಳು. ಒಂದು ಅಮ್ಮ, ತಲೆ ದೊಡ್ಡದು. ಒಂದು ಅಕ್ಕ. ಒಂದು ತಾತ, ಬಾಯಿ ಮಾತ್ರ ಇತ್ತು, ಮುಖ ಇರ್ಲಿಲ್ಲ. ಮೂರು ಅಳಿಲು, ಮೂರಕ್ಕೂ ಸೇರಿ ಎಂಟು ಕಾಲು. ಆಮೇಲೆ ಪಪ್ಪನಿಗೆ ಅಂತ ಒಂದು ಲಾರಿ. ಲಾರಿಗೆ ಒಂದೇ ಸಾಲಲ್ಲಿ ಐದು ಚಕ್ರ.

"ಲಾರಿಗೆ ಐದೇನೋ?" ಅಂದ್ಲು ಅಕ್ಕ.

"ಒಂದು ಸ್ಟೆಪ್ನಿ. ದಾರೀಲಿ ಪಂಕ್ಚರ್ ಆದ್ರೆ ನೀನು ಹೋಗ್ತೀಯಾ?"

ಬಿಸ್ಕೆಟ್ಟು ಬೆಂದು ಬಂತು. ಮನೆಯೆಲ್ಲ ಘಮಘಮ. ತಟ್ಟೆನ ಮೇಜಿನ ಮೇಲಿಟ್ರು, ಆರೋಕೆ. ಇಲಿ ಬೆನ್ನು ತಿರುಗಿಸಿ ಪಾತ್ರೆ ತೊಳೀತಿದ್ಲು. ಗುಂಡು ತಾತನ ಬಲತೊಡೆ ಹತ್ತಿ "ಕಥೆ" ಅಂದ.

"ಒಂದು ವರ್ಷ ಇದೇ ಕಾಲದಲ್ಲಿ ಹಕ್ಕಿ ಆಕಾರದ ಬಿಸ್ಕೆಟ್ಟು ಮಾಡಿದ್ವಿ" ಅಂತ ತಾತ ಶುರು ಹಚ್ಕೊಂಡ. "ಬೆಣ್ಣೆ ಸ್ವಲ್ಪ ಜಾಸ್ತಿ ಆಗಿತ್ತು. ಎಷ್ಟು ಹಗುರ ಅಂದ್ರೆ, ಆಕಳಿಸಿದ್ರೆ ನಾಲ್ಕು ಒಳಗೆ ಹೋಗೋವು. ಆರೋಕೆ ಅಂತ ಕಿಟಕಿ ಹತ್ರ ಇಟ್ವಿ. ಆಕಾಶದಲ್ಲಿ ನಿಜವಾದ ಹಕ್ಕಿಗಳು ಬೆಚ್ಚಗಿನ ಊರಿಗೆ ಹೊರಟಿದ್ವು, ಸಾಲುಗಟ್ಟಿ. ಬಿಸ್ಕೆಟ್ಟು ನೋಡಿದ್ವು. ಒಂದನ್ನೊಂದು ನೋಡ್ಕೊಂಡ್ವು. ಅಗೋ, ಆ ಕಿಟಕಿ ನೋಡು, ಅಂಥದ್ದೇ ಕಿಟಕಿ..."

ಗುಂಡು ಕಿಟಕಿ ನೋಡ್ದ. ಇಲೀನೂ ಒದ್ದೆ ಕೈಯಲ್ಲೇ ಕಿಟಕಿ ನೋಡಿದ್ಲು. ತಾತ ಅಂತೂ ಕಿಟಕಿ ದಾಟಿ ಹಕ್ಕಿ ಬೆನ್ನು ಹತ್ತಿ ಮೂರು ಬೆಟ್ಟ ಆಚೆ ಹೋಗಿದ್ದ. ತಟ್ಟೆ ನೋಡ್ತಿದ್ದಿದ್ದು ಅವನ ಎಡಗೈ ಒಂದೇ. ಅದು ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡ್ತು. ತಲೆ ದೊಡ್ಡದಾಗಿರೋದು, ಬಕೆಟ್ಟಿಗೆ. ಕಾಲು ಕಮ್ಮಿ ಇರೋ ಅಳಿಲು, ಬಕೆಟ್ಟಿಗೆ. ಬಾಯಿ ಮಾತ್ರ ಇರೋದು, ಬಕೆಟ್ಟಿಗೆ. ಚಕ್ರ ಜಾಸ್ತಿ ಇರೋದು, ಬಕೆಟ್ಟಿಗೆ. ಸಿಪ್ಪೆ ಮೇಲೆ ಬಿದ್ದದ್ದಕ್ಕೆ ಸದ್ದೂ ಆಗ್ಲಿಲ್ಲ.

ಹಕ್ಕಿಗಳು ಸಮುದ್ರ ದಾಟೋ ಹೊತ್ತಿಗೆ ಪಕ್ಕದ ಮನೆ ಕೋಳಿ ಟೀಚರ್ ಬಂದ್ರು. ಪಾಠ ಹೇಳೋದು ಬಿಟ್ಟ ಮೇಲೆ ಕೋಳಿ ಸಾಕ್ಕೊಂಡಿದ್ದೋರು. "ಮಾಸ್ಟ್ರೇ, ಸಿಪ್ಪೆ ಇದ್ರೆ ಕೊಡಿ" ಅಂದ್ರು. "ಧಾರಾಳವಾಗಿ!" ಅಂದ ತಾತ. ಕಥೆ ನಿಲ್ಲಿಸ್ದೇನೇ ಕಾಲಲ್ಲಿ ಬಕೆಟ್ಟು ಮುಂದಕ್ಕೆ ತಳ್ಳಿದ. ಅವರು ತಗೊಂಡು ಹೋದ್ರು. ಕೋಳಿಗಳಿಗೆ ಹಬ್ಬ ಒಂದು ದಿನ ಮೊದಲೇ ಬಂತು.

ಅಮ್ಮ ಬಂದಿದ್ದು ಮೂರು ಗಂಟೆಗೆ. ಗುಂಡು ಕೈ ಹಿಡ್ಕೊಂಡು ಎಳ್ಕೊಂಡು ಬಂದ. "ಬಾ, ಪಪ್ಪನ ಲಾರಿ ತೋರಿಸ್ತೀನಿ!"

ತಟ್ಟೇಲಿ ಎಲೆಗಳಿದ್ವು. ಎಲ್ಲ ಒಂದೇ ಅಳತೆ. ಗುಂಡು ಮಾಡಿದ ಸಾಲಿದ್ದ ಕಡೆ ಏಳು ಎಣ್ಣೆ ಗುರುತು, ಅಷ್ಟೇ.

ಅವನು ಮೊದಲು ಮೇಜಿನ ಕೆಳಗೆ ನೋಡ್ದ. ಆಮೇಲೆ ಕಿಟಕಿ ನೋಡ್ದ. "ಹಾರೋದ್ವಾ ತಾತ?" ಅಂದ. ಆಮೇಲೆ ಅಳೋಕೆ ಶುರು ಮಾಡ್ದ. ಅದು ಹಟದ ಅಳು ಅಲ್ಲ. ಸದ್ದಿಲ್ಲದ ಅಳು, ಗಲ್ಲ ಮಾತ್ರ ಅದುರ್ತಿತ್ತು.

ತಾತನ ಎಡಗೈ ಬೆರಳ ತುದೀಲಿ ಏನೋ ಅಂಟಂಟು ಅನ್ನಿಸ್ತು. ನೋಡ್ಕೊಂಡ. ಬೆಣ್ಣೆ, ನಾಲ್ಕು ಚೂರು ಪುಡಿ. ಎಡಗಾಲ ಪಕ್ಕ ನೋಡ್ದ. ಬಕೆಟ್ಟಿದ್ದ ಜಾಗ ಖಾಲಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇವನಿಗೆ ಯಾರೂ ಏನೂ ಅನ್ನೋಕೆ ಮುಂಚೇನೇ ಕೈ ಟವಲ್ಲಿಗೆ ಹೋಗಿ ಒರೆಸ್ಕೊಂಡಾಗಿತ್ತು.

ಆಗ್ಲೇ ಹೇಳ್ಬೇಕಿತ್ತು. ಹೇಳ್ಬೋದಿತ್ತು. ಆದ್ರೆ ಹೇಳಿದ್ರೆ "ಕೈ ಯಾಕೆ ಹಾಗೆ ಮಾಡ್ತು?" ಅಂತ ಕೇಳ್ತಾರೆ. ಅದಕ್ಕೆ ಉತ್ತರ ಹೇಳಿದ್ರೆ ಹೆಡ್ ಮಾಸ್ಟ್ರು ಹೋದ. ಒಲೆ ಹೋಯ್ತು, ಮೂಸಿ ನೋಡಿ "ಹೂಂ" ಅನ್ನೋದು ಹೋಯ್ತು.

"ಯಾರೇ ತಿಂದಿದ್ದು?" ಅಂದ್ಲು ಅಮ್ಮ, ಇಲಿ ಕಡೆ ತಿರುಗಿ.

"ನಾನಲ್ಲಮ್ಮ. ನಾನು ಪಾತ್ರೆ ತೊಳೀತಿದ್ದೆ. ತಾತ ಇಲ್ಲೇ ಕೂತಿದ್ರು, ಕೇಳು ಬೇಕಾದ್ರೆ. ತಾತಾ, ಹೇಳು!"

ಎಲ್ರೂ ತಾತನ ಮುಖ ನೋಡಿದ್ರು. ಕಷ್ಟಕ್ಕೆ ಸಿಕ್ಕಾಗ ತಾತನ ಬಾಯಿ ಯಾವಾಗ್ಲೂ ಮಾಡೋದನ್ನೇ ಮಾಡ್ತು. ನಗಿಸೋಕೆ ಹೋಯ್ತು.

"ನಾನು ಹಕ್ಕಿ ಹಿಂದೆ ಹೋಗಿದ್ದೆ ಕಣಮ್ಮ, ನೋಡ್ಲಿಲ್ಲ" ಅಂದ. "ಆದ್ರೂ ಇಲಿ ಇರೋ ಮನೇಲಿ ಬಿಸ್ಕೆಟ್ಟು ಉಳಿದ್ರೆ ಅದೇ ಆಶ್ಚರ್ಯ. ತಟ್ಟೆ ಉಳಿದಿದೆಯಲ್ಲ, ಪುಣ್ಯ!"

ಯಾರೂ ನಗ್ಲಿಲ್ಲ.

"ಐದು ವರ್ಷದ ಮಗು ಅವರಪ್ಪನಿಗೆ ಅಂತ ಮಾಡಿದ್ದು ಕಣೇ ಅದು" ಅಂದ್ಲು ಅಮ್ಮ. "ನಾಳೆ ನೀನು ಡಿಪೋಗೆ ಬರೋದು ಬೇಡ. ಮನೇಲಿರು."

ಇಲಿ ಅಳ್ಲಿಲ್ಲ. ತಾತನ್ನ ಒಂದು ಗಳಿಗೆ ನೋಡಿದ್ಲು. ಆಮೇಲೆ ಆ ತಟ್ಟೆ ತಗೊಂಡು, ಎಲೆಗಳನ್ನ ಡಬ್ಬಿಗೆ ಜೋಡಿಸಿ, ಏಳು ಎಣ್ಣೆ ಗುರುತನ್ನ ಉಜ್ಜಿ ಉಜ್ಜಿ ತೊಳೆದ್ಲು.

ಸಾಯಂಕಾಲ ತಾತ ಊಟದ ತಟ್ಟೆ ಪಕ್ಕಕ್ಕೆ ಸರಿಸ್ದ. ಹೊಟ್ಟೆ ಸರಿ ಇಲ್ಲ ಅಂದ. ಮಗಳು ಪಾಪ ಅಂತ ಬಿಸಿನೀರು ತಂದುಕೊಟ್ಲು. ಮಲಗೋಕೆ ಹೋಗೋ ಮುಂಚೆ ಇಲಿ ಬಾಗಿಲ ಹತ್ರ ನಿಂತು, "ತಾತ, ನೀನು ನಿಜವಾಗ್ಲೂ ನೋಡ್ಲಿಲ್ವಾ?" ಅಂತ ಕೇಳಿದ್ಲು.

"ಇಲ್ಲ ಪುಟ್ಟಿ."

ಅದೂ ಒಂಥರಾ ನಿಜಾನೇ. ನೋಡಿರ್ಲಿಲ್ಲ. ಜೀವಮಾನದಲ್ಲಿ ಸಾವಿರಾರು ಸುಳ್ಳು ಹೇಳಿದ್ದ, ಒಂದಕ್ಕೂ ಕಿವಿ ಬಿಸಿ ಆಗಿರ್ಲಿಲ್ಲ. ಈ ಒಂದು ನಿಜಕ್ಕೆ ಎರಡೂ ಕಿವಿ ಹೇಗೆ ಕಾದ್ವು ಅಂದ್ರೆ, ಅವತ್ತು ಓವನ್ ಹಚ್ಚೋ ಅಗತ್ಯಾನೇ ಇರ್ಲಿಲ್ಲ.

ಬೆಳಿಗ್ಗೆ ಹಬ್ಬ. ಗುಂಡು ಎದ್ದೋನೇ ಮತ್ತೆ ಮೇಜಿನ ಕೆಳಗೆ ಹುಡುಕಿದ. ತಾತನಿಗೆ ಇನ್ನು ತಡ್ಕೊಳ್ಳೋಕೆ ಆಗ್ಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಮಗಳೇ, ಆ ಏಳನ್ನೂ ಬಿಸಾಕಿದ್ದು ನಾನು" ಅಂದ.

ಮಗಳು ಅವನ ಕಡೆ ನೋಡಿ ಮೆತ್ತಗಾದ್ಲು. ಕಣ್ಣಲ್ಲಿ ನೀರು ಬಂತು. "ಅಪ್ಪಾ, ನಿನ್ನಂಥೋರು ಯಾರಿಗೆ ಸಿಗ್ತಾರೆ ಹೇಳು. ಮೊಮ್ಮಗಳಿಗೋಸ್ಕರ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊತಿದ್ಯಲ್ಲ. ನೋಡು ಇಲಿ, ತಾತನ್ನ ನೋಡಿ ಕಲಿ."

ಭೂಮಿ ಬಾಯಿ ಬಿಟ್ಟಿದ್ರೆ ತಾತ ಟವಲ್ ಸಮೇತ ಇಳ್ದು ಹೋಗ್ತಿದ್ದ. ಬೈದಿದ್ರೆ ಸಹಿಸ್ಕೋತಿದ್ದ. ಹೊಗಳಿಬಿಟ್ಲು.

"ಅಲ್ಲಮ್ಮ, ನಿಜವಾಗ್ಲೂ. ಕೋಳಿ ಬಕೆಟ್ಟಿಗೆ ಹಾಕ್ದೆ."

"ಸರಿ ಸರಿ. ಕೋಳಿಗಳೂ ಹಾರಿಹೋದ್ವಾ?"

ಅಂದ್ರೆ ಉಳಿದಿದ್ದು ಒಂದೇ ದಾರಿ. ತಾತ ಡಬ್ಬೀಲಿದ್ದ ಎಲೆಗಳನ್ನ ತಟ್ಟೆಗೆ ಸುರಿದು, ನಿನ್ನೆ ಕೂತ ಹಾಗೇ ಕುರ್ಚೀಲಿ ಕೂತ. "ಈಗ ನಾನು ಕಥೆ ಹೇಳ್ತೀನಿ. ಕಿಟಕಿ ನೋಡ್ಬೇಡಿ. ನನ್ನ ಎಡಗೈ ನೋಡಿ."

ಶುರು ಮಾಡ್ದ. ಹಕ್ಕಿ, ಬೆಣ್ಣೆ, ಕಿಟಕಿ. ಕೈ ಅಲ್ಲಾಡ್ಲಿಲ್ಲ. ಎಲ್ರೂ ನೋಡ್ತಿದ್ದಾರೆ ಅಂತ ಗೊತ್ತಿದ್ರೆ ಯಾವ ಕೈ ತಾನೇ ಅಲ್ಲಾಡತ್ತೆ? ಮದುವೆ ಫೋಟೋಗೆ ನಿಂತಂಗೆ ಮೇಜಿನ ಮೇಲೆ ಸೆಟೆದು ಬಿದ್ದಿತ್ತು. ಕಥೇನೂ ಒಣಗಿ ಹೋಯ್ತು. ಮಗಳು "ಸಾಕು ಬಿಡಪ್ಪಾ" ಅಂತ ಎದ್ಲು.

ಆಗ ಇಲಿ ಮೂಲೆಯಿಂದ ಕೇಳಿದ್ಲು. "ಹಕ್ಕಿಗಳು ಸಮುದ್ರದ ಮೇಲೆ ಹೋಗೋವಾಗ ಮಳೆ ಬಂದ್ರೆ ಬಿಸ್ಕೆಟ್ಟು ನೆನೆಯಲ್ವಾ ತಾತ?"

"ನೆನೀದೇ ಇರತ್ತಾ!" ಅಂದ ತಾತ. ಇದನ್ನ ಅವನೂ ಯೋಚಿಸಿರ್ಲಿಲ್ಲ. "ಅದಕ್ಕೇ ನಿಜವಾದ ಹಕ್ಕಿಗಳು ಅವನ್ನ ರೆಕ್ಕೆ ಕೆಳಗೆ ಇಟ್ಕೊಂಡ್ವು. ಒಂದೊಂದು ಹಕ್ಕಿಗೆ ಎರಡೆರಡು ಬಿಸ್ಕೆಟ್ಟು. ಒಂದು ಮುದಿ ಕೊಕ್ಕರೆ ಮಾತ್ರ ನಂಗೆ ಸಕ್ಕರೆ ಕಾಯಿಲೆ ಇದೆ, ಆಗಲ್ಲ ಅಂತು..."

ಟಕ್ ಅಂತ ಶಬ್ದ ಆಯ್ತು.

ತಾತನ ಎಡಗಾಲ ಪಕ್ಕ, ಬಕೆಟ್ಟು ಇಲ್ಲದ ನೆಲದ ಮೇಲೆ, ಒಂದು ಎಲೆ ಬಿದ್ದಿತ್ತು. ತಟ್ಟೆಗೆ ಸುರಿದಾಗ ಅದರ ತುದಿ ಒಂಚೂರು ಒಡೆದಿತ್ತು. ಕೈ ಆಗ್ಲೇ ಎರಡ್ನೇದಕ್ಕೆ ಹೊರಟಿತ್ತು.

ಮಗಳು ಬಗ್ಗಿ ಅದನ್ನ ತಗೊಂಡ್ಲು. ಮುರಿದು ಒಳಗೆ ನೋಡ್ಲಿಲ್ಲ. ಸುಮ್ನೆ ಹಿಡ್ಕೊಂಡಿದ್ಲು.

"ಒಲೆ ಹತ್ರ ಇರ್ಲಿಲ್ಲ ನಾನು" ಅಂದ ತಾತ, ಮೇಜು ನೋಡ್ತಾ. "ಬೆಲ್ಟಿನ ಕೊನೇಲಿ. ಕೆಟ್ಟದ್ದು ಆರಿಸಿ ಬಿಸಾಕೋದು."

"ಮೂವತ್ತೊಂದು ವರ್ಷಾನೂ?"

"ಮೂವತ್ತೊಂದೂ."

"ನಮ್ಮನೇಗೆ ತರ್ತಿದ್ದ ಒಡೆದದ್ದು..."

"ಬಕೆಟ್ಟಿಂದು."

ಅವಳು ಕೈಲಿದ್ದ ಎಲೆನ ಮೆಲ್ಲಗೆ ತಟ್ಟೇಲಿಟ್ಲು. ಹೊರಗೆ ಪೊರಕೆ ಸದ್ದು ಕೇಳ್ತಿತ್ತು. "ಆ ಕೆಲಸಕ್ಕೆ ನಾಚ್ಕೊಂಡು ಇಷ್ಟು ವರ್ಷ ಮುಚ್ಚಿಟ್ಟೆ" ಅಂದ್ಲು ಕೊನೆಗೆ. "ನಿನ್ನೆ ಇವಳು ನಿನ್ನ ಮುಖ ನೋಡ್ಕೊಂಡು ನಿಂತಿದ್ದಾಗ ಎಲ್ಲಿ ಹೋಗಿತ್ತಪ್ಪಾ ನಾಚಿಕೆ?"

ತಾತನ ಹತ್ರ ಎಲ್ಲದಕ್ಕೂ ಉತ್ತರ ಇರ್ತಿತ್ತು. ಸೂರಿಗೆ ಅಂಟಿದ ಮ್ಯಾನೇಜರ್ರು ಹೇಗೆ ಸ್ನಾನ ಮಾಡಿದ್ರು ಅನ್ನೋದಕ್ಕೂ ಹನ್ನೊಂದು ಉತ್ತರ ಇದ್ವು. ಈಗ ಅವನು ನೆಲದ ಮೇಲೆ ಬಿದ್ದ ಬಿಸ್ಕೆಟ್ ಪುಡಿ ಆರಿಸೋಕೆ ಬಗ್ಗಿದ.

ಅಮ್ಮ ಇಲಿ ಹತ್ರ ಹೋಗಿ ತಲೆ ಸವರಿದ್ಲು. "ತಪ್ಪಾಯ್ತು ಕಣೇ. ನೀನೂ ಬಾ ಡಿಪೋಗೆ."

"ಬರ್ತೀನಿ" ಅಂದ್ಲು ಇಲಿ. "ಆದ್ರೆ ಮೊದ್ಲು ತಾತ ನನ್ನ ಜೊತೆ ಬೀದಿಗೆ ಬರ್ಬೇಕು. ಬಿಸ್ಕೆಟ್ಟು ಕೊಡೋಕೆ ಹೋಗ್ತೀವಲ್ಲ, ಏಳು ಮನೆಗೂ. ಒಂದೊಂದು ಮನೇಲೂ ಆ ಮುಚ್ಚಳದ ಕಥೆ ಸುಳ್ಳು ಅಂತ ಹೇಳ್ಬೇಕು."

"ಬರೀ ಅಷ್ಟೇ ತಾನೇ?" ಅಂದ ತಾತ. ಹಗುರ ಆಯ್ತು ಅನ್ಕೊಂಡ.

ಮಧ್ಯಾಹ್ನ ಗುಂಡು ಹೊಸಾ ಲಾರಿ ಮಾಡ್ದ. ಈ ಸಲ ಚಕ್ರ ಆರು. ದಾರಿ ಮೇಲೆ ನಂಬಿಕೆ ಇನ್ನೂ ಕಮ್ಮಿ ಆಗಿತ್ತು. ಅದು ಬೆಂದು ಆರೋವರೆಗೂ ತಾತ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತಿರ್ಬೇಕು ಅಂತ ಗುಂಡು ಹೇಳ್ದ. ಕೂತಿದ್ದ. ಕಥೆ ಹೇಳು ಅಂತ ಯಾರೂ ಕೇಳ್ಲಿಲ್ಲ.

ಮೂರುವರೆಗೆ ತಾತ, ಮೊಮ್ಮಗಳು ಬಿಸ್ಕೆಟ್ಟಿನ ತಟ್ಟೆಗಳನ್ನ ಬುಟ್ಟೀಲಿಟ್ಕೊಂಡು ಹೊರಟ್ರು. ಮೊದಲ್ನೇ ಬಾಗಿಲು ಕ್ಷೌರದಂಗಡಿಯೋಂದು.

"ನೋಡಪ್ಪಾ, ಇವಳು ಸಕ್ಕರೆ ಡಬ್ಬದ ಮುಚ್ಚಳ ಕಡಿದ್ಲು ಅಂತ ಹೇಳಿದ್ನಲ್ಲ, ಅದು ಸುಳ್ಳು."

"ಆಹಾ!" ಅಂದ ಅವನು, ಕುರ್ಚಿ ಎಳ್ಕೊಂಡು. "ಹಂಗಾದ್ರೆ ಮುಚ್ಚಳ ಕಡಿದಿದ್ದು ಯಾರು ಮಾಸ್ಟ್ರೇ?"

ತಾತನ ಬಾಯಲ್ಲಿ ಒಂದು ಮುಂಗುಸಿ ಬಂದು ಕೂತಿತ್ತು. ಒಳ್ಳೇ ಮುಂಗುಸಿ. ಅಂಗಿ ತೋಳನ್ನ ಯಾರೋ ಜಗ್ಗಿದ್ರು. ನುಂಗ್ಕೊಂಡ. "ಯಾರೂ ಇಲ್ಲ" ಅಂದ.

"ಮುಂದಕ್ಕೆ?"

"ಮುಂದಕ್ಕೇನಿಲ್ಲ."

ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ಎರಡ್ನೇ ಮನೇಲೂ ನಕ್ರು. ನಾಲ್ಕ್ನೇ ಮನೆಯಜ್ಜಿ "ನಿಂಗೆ ವಯಸ್ಸಾದ್ಹಾಗೆಲ್ಲ ಕಥೆ ಸಪ್ಪೆ ಆಗ್ತಿದೆ ಕಣೋ" ಅಂದ್ಲು. ಒಂದೊಂದು ಬಾಗಿಲಿಗೂ ತಾತ ಒಂದೊಂದು ಗೇಣು ಕುಗ್ತಾ ಬಂದ. ಐದ್ನೇದು ದಾಟೋ ಹೊತ್ತಿಗೆ ಬುಟ್ಟಿಗಿಂತ ಕೆಳಗಿದ್ದ ಅಂತ ಹೇಳ್ಬೋದು. ಆರ್ನೇ ಮನೇಲಿ ಸಿಪ್ಪೆ ಬಕೆಟ್ಟಿಗೆ ಬಿಸ್ಕೆಟ್ಟು ಹಾಕಿದ್ದನ್ನೂ ಹೇಳ್ದ. ಅಲ್ಲಿ ಕೋಳಿ ಟೀಚರ್ ಒಬ್ರೇ ನಗ್ಲಿಲ್ಲ. "ಅದಕ್ಕೇನಾ!" ಅಂದ್ರು. "ನಿನ್ನೆಯಿಂದ ಕೋಳಿಗಳು ಮೊಟ್ಟೆ ಇಡೋದು ಬಿಟ್ಟು ನಿಮ್ಮನೆ ಬಾಗಿಲು ನೋಡ್ತಾ ಕೂತಿವೆ." ಆಮೇಲೆ ಹುಡುಗಿ ಕಡೆ ನೋಡಿ, "ನಾನೂ ನಿನ್ನ ಇಲಿ ಅಂತಿದ್ದೆ" ಅಂತ ಮೆಲ್ಲಗೆ ಅಂದ್ರು.

ಕೊನೇದು ಅಂಗಡಿಯಣ್ಣಂದು. ಇವರು ಮೆಟ್ಟಿಲು ಹತ್ತಿದ್ರೋ ಇಲ್ವೋ, ಅವನು ನಗ್ತಾ ಮಿಠಾಯಿ ಜಾಡಿನ ಹಿಂದಕ್ಕೆ ಸರಿಸ್ದ. "ಬಂತಪ್ಪಾ ಇಲಿ!"

ಈ ಸರಿಸೋದನ್ನ ತಾತ ನೂರು ಸಲ ನೋಡಿ ನೂರು ಸಲ ನಕ್ಕಿದ್ದ. ಇವತ್ತು ಅವನು ಜಾಡಿ ನೋಡ್ಲಿಲ್ಲ, ಪಕ್ಕದಲ್ಲಿದ್ದ ಮುಖ ನೋಡ್ದ. ಸೊಟ್ಟಗಾಗಿರೋದನ್ನ ಎತ್ತಿ ಆಚೆ ಹಾಕ್ತಾರಲ್ಲ, ಹಾಗೆ ಆರು ವರ್ಷದಿಂದ ಈ ಮಗೂನ ಬೀದೀಲಿ ತನ್ನ ಕೈಯಾರೆ ಎತ್ತಿ ಹಾಕಿದ್ದ. ನಗಿಸೋಕೆ ಅಂತ. ಕಿವಿಯಿಂದ ಕತ್ತಿನವರೆಗೂ ಬಿಸಿ ಇಳೀತು.

"ಜಾಡಿ ಅಲ್ಲೇ ಇರ್ಲಿ" ಅಂದ. "ಇವಳು ಯಾವ ಡಬ್ಬಾನೂ ಖಾಲಿ ಮಾಡಿಲ್ಲ, ಯಾವ ಮುಚ್ಚಳಾನೂ ಕಡಿದಿಲ್ಲ. ನಾನು ಹೇಳಿದ್ದು ಸುಳ್ಳು."

ಅಂಗಡಿಯಣ್ಣ ಬಾಯಿ ತೆರ್ಕೊಂಡು ಕಾದ. ತಾತ ಮುಂದೆ ಏನೂ ಹೇಳ್ಲಿಲ್ಲ. ಮುಂಗುಸಿ ಬರ್ಲಿಲ್ಲ, ಕೊಕ್ಕರೆ ಬರ್ಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಅಂಗಡಿಯಣ್ಣನ ಮುಖದ ನಗು ನಿಧಾನಕ್ಕೆ ಎಲ್ಲಿಗೆ ಹೋಗ್ಬೇಕು ಅಂತ ತಿಳೀದೆ ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡಿ, ಆಮೇಲೆ ಹೋಯ್ತು. ಅವನು ಜಾಡಿನ ಎರಡೂ ಕೈಯಲ್ಲಿ ಹಿಡಿದು ಮೊದ್ಲಿದ್ದ ಜಾಗಕ್ಕೆ ತಂದಿಟ್ಟ.

ಹುಡುಗಿ ಬಿಸ್ಕೆಟ್ಟಿನ ತಟ್ಟೆ ಜಾಡಿ ಪಕ್ಕ ಇಟ್ಟು, ಮೆಟ್ಟಿಲಿಳಿದು ಮುಂದೆ ಮುಂದೆ ನಡೆದ್ಲು. ಒಣಗಿದ ಎಲೆ ಕಾಲ ಕೆಳಗೆ ಸದ್ದು ಮಾಡ್ತಿದ್ವು. ತಾತ ಖಾಲಿ ಬುಟ್ಟಿ ಹಿಡ್ಕೊಂಡು ಹಿಂದೆ ಉಳಿದ. ಕರೀಬೇಕು ಅನ್ನಿಸ್ತು. ಬಾಯಿಗೆ ಬಂದ ಹೆಸರನ್ನ ಬಿಟ್ಟು, ಅವಳು ಹುಟ್ಟಿದಾಗ ಇಟ್ಟಿದ್ದ ಹೆಸರನ್ನ ಹುಡುಕಿ, ಅದ್ರಿಂದ ಕರೆದ. ಬಳಸ್ದೇ ಬಳಸ್ದೇ ಅದು ನಾಲಿಗೆಗೆ ಒರಟಾಗಿತ್ತು.

ಅವಳು ನಿಂತ್ಲು. ತಿರುಗಿ ನೋಡೋಕೆ ಸ್ವಲ್ಪ ಹೊತ್ತು ತಗೊಂಡ್ಲು.

"ಬೇಗ ಬಾ" ಅಂದ್ಲು. "ಪಪ್ಪನ ಲಾರಿ ಬರೋ ಹೊತ್ತಾಯ್ತು."